ಚರ್ಚ್ ಚೌಕದ ತೋಟಕ್ಕೆ ಹೆಸರು ಕೊಟ್ಟ ವೈದ್ಯ: ಗಾರ್ಸಿಯಾ ದ ಓರ್ತಾ

ಪಣಜಿಗೆ ಕೆಲಸದ ಮೇಲೆ ಹೋಗಿಬರುವ ನಮ್ಮ ಸದಸ್ಯರಿಗೆ ಚರ್ಚ್ ಚೌಕ ಗೊತ್ತಿಲ್ಲದೆ ಇರಲಾರದು. ಗುಡ್ಡದ ಮೇಲೆ ಬಿಳಿಯ ದೊಡ್ಡ ಇಗರ್ಜಿ, ಅದಕ್ಕೆ ಅಡ್ಡಡ್ಡವಾಗಿ ಏರುವ ಮೆಟ್ಟಿಲುಗಳು, ಕೆಳಗೆ ಸದಾ ವಾಹನಗಳ ಗದ್ದಲ. ಈ ಗದ್ದಲದ ನಡುವೆ, ಇಗರ್ಜಿಗೆ ಎದುರಾಗಿ, ಒಂದು ಸಣ್ಣ ತೋಟವಿದೆ. ಊರವರು ಅದನ್ನು ಮುನ್ಸಿಪಲ್ ಗಾರ್ಡನ್ ಎನ್ನುತ್ತಾರೆ. ಒಂದು ಸುತ್ತು ಹಾಕಲು ಐದು ನಿಮಿಷ ಸಾಕು. ಮಧ್ಯದಲ್ಲೊಂದು ಎತ್ತರದ ಕಂಬ, ಕಂಬದ ತುದಿಯಲ್ಲಿ ನಮ್ಮ ಅಶೋಕ ಸಿಂಹಗಳು.

ಕಂಬದ ಕಥೆ ಚಿಕ್ಕದು. ವಾಸ್ಕೋ ಡ ಗಾಮ ಭಾರತಕ್ಕೆ ಬಂದು 400 ವರ್ಷವಾದ ನೆನಪಿಗೆ 1898ರಲ್ಲಿ ಪೋರ್ಚುಗೀಸರು ಅದನ್ನು ನಿಲ್ಲಿಸಿದರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಮೇಲೆ ಗಾಮನ ಗುರುತು ಹೋಗಿ ಸಿಂಹಗಳು ಬಂದವು. ಅದು ಸರಿಯಾದದ್ದೇ. ಆದರೆ ತೋಟಕ್ಕೆ ಇರುವ ಹೆಸರು ಗಾಮನದಲ್ಲ, ಇನ್ನೊಬ್ಬ ಪೋರ್ಚುಗೀಸನದು. ಆ ಹೆಸರನ್ನು ಯಾರೂ ತೆಗೆಯಲಿಲ್ಲ. ಗಾರ್ಸಿಯಾ ದ ಓರ್ತಾ ಎಂಬ ಆ ವೈದ್ಯನ ಬದುಕನ್ನು ಈ ಸಲ ನಮ್ಮ ಓದುಗರ ಮುಂದಿಡುತ್ತಿದ್ದೇವೆ. ಕಾರವಾರ, ಕಾಸರಗೋಡು, ಬೆಳಗಾವಿ ಕಡೆಯವರಾದ ನಮಗೆ ಅವನ ಬದುಕಿನಲ್ಲಿ ಪರಿಚಿತವಾದ ಸಂಗತಿಗಳು ಬೇಕಾದಷ್ಟಿವೆ: ಅಡಿಕೆ, ವೀಳ್ಯದೆಲೆ, ಕಾಳುಮೆಣಸು, ಗಂಜಿ, ಒಂದೇ ವಸ್ತುವಿಗೆ ನಾಲ್ಕು ಭಾಷೆಯಲ್ಲಿ ನಾಲ್ಕು ಹೆಸರು.

ಓರ್ತಾ ಹುಟ್ಟಿದ್ದು ಸುಮಾರು 1501ರಲ್ಲಿ, ಪೋರ್ಚುಗಲ್ಲಿನ ಗಡಿಯೂರಾದ ಕಾಸ್ತೆಲೊ ದ ವೀದೆಯಲ್ಲಿ. ಅಲ್ಲಿಂದ ಸ್ಪೇನ್ ಕೂಗಳತೆಯ ದೂರ. ತಂದೆ ಫೆರ್ನಾವ್ ದ ಓರ್ತಾ ವ್ಯಾಪಾರಿ, ತಾಯಿ ಲಿಯೊನೋರ್ ಗೋಮೆಸ್. ಇಬ್ಬರೂ ಯೆಹೂದ್ಯ ಮನೆತನದವರು. 1492ರಲ್ಲಿ ಸ್ಪೇನಿನ ದೊರೆಗಳು ಯೆಹೂದ್ಯರನ್ನೆಲ್ಲ ದೇಶದಿಂದ ಹೊರಗಟ್ಟಿದಾಗ ಸಾವಿರಾರು ಕುಟುಂಬಗಳು ಗಡಿ ದಾಟಿ ಪೋರ್ಚುಗಲ್ಲಿಗೆ ಬಂದವು, ಓರ್ತಾನ ಹಿರಿಯರೂ ಹಾಗೆ ಬಂದವರೇ. ಐದು ವರ್ಷ ಕಳೆಯುವುದರೊಳಗೆ, 1497ರಲ್ಲಿ, ಪೋರ್ಚುಗಲ್ಲಿನ ದೊರೆಯೂ ಅವರನ್ನೆಲ್ಲ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿಸಿದ. ಹೀಗೆ ಮತಾಂತರವಾದವರಿಗೆ ಹೊಸ ಕ್ರೈಸ್ತರು ಎಂಬ ಹೆಸರು ಅಂಟಿತು. ಎಷ್ಟು ತಲೆಮಾರು ಕಳೆದರೂ ಆ ಹೊಸತನ ಹೋಗಲಿಲ್ಲ. ಊರವರ ಕಣ್ಣಿಗೆ ಅವರು ಯಾವತ್ತೂ ಸಂದೇಹದ ಜನ.

ಹುಡುಗ ಓದಿನಲ್ಲಿ ಮುಂದಿದ್ದ. ಸ್ಪೇನಿನ ಸಾಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ ತತ್ತ್ವಶಾಸ್ತ್ರ, ವೈದ್ಯ ಎರಡನ್ನೂ ಕಲಿತು 1523ರ ಹೊತ್ತಿಗೆ ಊರಿಗೆ ಮರಳಿದ. ಕೆಲಕಾಲ ಹುಟ್ಟೂರಿನಲ್ಲೇ ವೈದ್ಯ ಮಾಡಿ, ಆಮೇಲೆ ಲಿಸ್ಬನ್ನಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಹಿಡಿದ. ಒಳ್ಳೆಯ ಸ್ಥಾನ, ಒಳ್ಳೆಯ ಹೆಸರು. ಅದನ್ನೆಲ್ಲ ಬಿಟ್ಟು 1534ರ ಮಾರ್ಚ್ 12ರಂದು ಮಾರ್ತಿಂ ಅಫೊನ್ಸೊ ದ ಸೌಜಾ ಎಂಬ ನೌಕಾನಾಯಕನ ಖಾಸಗಿ ವೈದ್ಯನಾಗಿ ಹಡಗು ಹತ್ತಿದ. ಯಾಕೆ? ಗಿಡಮೂಲಿಕೆಗಳನ್ನು ಕಣ್ಣಾರೆ ನೋಡುವ ಆಸೆ ಇತ್ತೆನ್ನುವುದು ಅವನ ಪುಸ್ತಕದಿಂದಲೇ ತಿಳಿಯುತ್ತದೆ. ಇನ್ನೊಂದು ಕಾರಣವನ್ನು ಅವನು ಬರೆಯುವಂತಿರಲಿಲ್ಲ. ಪೋರ್ಚುಗಲ್ಲಿನಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ತರುವ ಮಾತು ಆಗಲೇ ನಡೆಯುತ್ತಿತ್ತು. 1536ರಲ್ಲಿ ಅದು ಬಂದೇ ಬಂತು. ಅದಕ್ಕೆ ಎರಡು ವರ್ಷ ಮೊದಲೇ ಓರ್ತಾ ಸಮುದ್ರ ದಾಟಿಯಾಗಿತ್ತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಡಗು ಗೋವೆ ಮುಟ್ಟಿತು. ಗೋವೆ ಎಂದರೆ ಇಂದಿನ ಪಣಜಿಯಲ್ಲ, ಮಾಂಡವಿ ನದಿಯ ದಂಡೆಯಲ್ಲೇ ಮೇಲಕ್ಕಿರುವ ಹಳೇ ಗೋವಾ. ಬಿಜಾಪುರದ ಆದಿಲ್‌ಶಾಹಿಯಿಂದ 1510ರಲ್ಲಿ ಆಲ್ಬುಕರ್ಕ್ ಆ ಊರನ್ನು ಕಿತ್ತುಕೊಂಡಾಗ ಅವನಿಗೆ ದಾರಿ ತೋರಿದವನು ಹೊನ್ನಾವರದ ತಿಮ್ಮಯ್ಯ ಎಂಬುದನ್ನು ನಮ್ಮ ಕಡೆಯವರು ಇತಿಹಾಸದ ಪಾಠದಲ್ಲಿ ಓದಿದ್ದೇವೆ. ಓರ್ತಾ ಬರುವ ಹೊತ್ತಿಗೆ ಆ ಊರು ಪೋರ್ಚುಗೀಸರ ಪೂರ್ವದೇಶದ ರಾಜಧಾನಿಯಾಗಿತ್ತು. ವಿಜಯನಗರಕ್ಕೆ ಕುದುರೆ ಹೋಗುತ್ತಿದ್ದದ್ದು ಈ ಬಂದರಿನಿಂದ. ಮಲಬಾರಿನ ಮೆಣಸು, ಸಿಂಹಳದ ದಾಲ್ಚಿನ್ನಿ, ಮಲಾಕಾದ ಕಡೆಯಿಂದ ಲವಂಗ, ಜಾಯಿಕಾಯಿ ಎಲ್ಲವೂ ಬಂದು ಇಳಿಯುತ್ತಿದ್ದದ್ದು ಇಲ್ಲೇ.

ಮೊದಲ ನಾಲ್ಕು ವರ್ಷ ಓರ್ತಾ ಸೌಜಾನ ದಂಡಿನ ಜೊತೆ ಅಲೆದ. ಗುಜರಾತಿನ ಸುಲ್ತಾನ ಬಹಾದುರ್ ಶಾಹನನ್ನು ಕಂಡ, ದೀವ್ ಕಂಡ, ಕಾಠಿಯಾವಾಡ ಕಂಡ. ಬಹಾದುರ್ ಶಾಹನ ಒಂದು ಪ್ರಸಂಗವನ್ನು ಅವನು ಬರೆದಿಟ್ಟಿದ್ದಾನೆ: ರಾತ್ರಿ ಹೊತ್ತು ಪೋರ್ಚುಗಲ್ಲಿಗೋ ತುರ್ಕಿಗೋ ಅರಬಸ್ಥಾನಕ್ಕೋ ಹೋಗಿಬರಬೇಕೆನಿಸಿದರೆ ತಾನು ಒಂದಿಷ್ಟು ಭಂಗಿಯ ಲೇಹ್ಯ ತಿಂದರೆ ಸಾಕಾಗುತ್ತದೆ ಎಂದು ಸುಲ್ತಾನ ಸೌಜಾನ ಹತ್ತಿರ ಹೇಳಿಕೊಂಡನಂತೆ. ಓರ್ತಾ ಇದನ್ನು ನಗೆಯ ಮಾತಾಗಿ ಬಿಡುವುದಿಲ್ಲ. ಭಂಗಿಗೆ ಏನೇನು ಬೆರೆಸುತ್ತಾರೆ, ತಿಂದವರಿಗೆ ಏನಾಗುತ್ತದೆ ಎಂಬುದನ್ನು ವೈದ್ಯನಾಗಿಯೇ ದಾಖಲಿಸುತ್ತಾನೆ.

1538ರಲ್ಲಿ ಗೋವೆಯಲ್ಲಿ ಮನೆಮಾಡಿ ನಿಂತ. ರೋಗಿಗಳಿಗೆ ಕೊರತೆಯಿರಲಿಲ್ಲ. ಬಂದ ಗವರ್ನರುಗಳು, ವೈಸ್‌ರಾಯರುಗಳು ಎಲ್ಲರೂ ಅವನಿಂದ ಮದ್ದು ಪಡೆದವರು. ಗಡಿಯಾಚೆ ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನೂ ಅವನನ್ನು ಕರೆಸಿಕೊಳ್ಳುತ್ತಿದ್ದ. ಇವರಿಬ್ಬರ ನಡುವೆ ಸ್ನೇಹವೇ ಬೆಳೆಯಿತು. ನಿಜಾಮ್ ಶಾಹನ ಆಸ್ಥಾನದಲ್ಲಿ ಅರಬ್ಬಿ, ಪಾರಸಿ ಹಕೀಮರು ಇದ್ದರು, ಅವರ ಜೊತೆ ವಾದಕ್ಕೆ ಕೂತು ಅವಿಸೆನ್ನಾನ ವೈದ್ಯಗ್ರಂಥದ ಅರ್ಥವನ್ನು ಓರ್ತಾ ಅಲ್ಲೇ ಇನ್ನಷ್ಟು ತಿಳಿದುಕೊಂಡ. ದಖ್ಖನಿನ ಸುಲ್ತಾನರ ಹೆಸರು, ಬಿರುದು, ವಂಶಗಳ ವಿವರವೂ ಚದುರಂಗದ ಮಾತೂ ಅವನ ಪುಸ್ತಕದಲ್ಲಿ ಸೇರಿಕೊಂಡದ್ದು ಈ ಒಡನಾಟದಿಂದ. ಔಷಧದ ಪುಸ್ತಕದಲ್ಲಿ ಚದುರಂಗವೇಕೆ ಎಂದು ಕೇಳಬಾರದು. ಅವನ ಮಾತಿನ ಓಟವೇ ಹಾಗೆ.

1543ರಲ್ಲಿ ಸಂಬಂಧಿಕಳೇ ಆದ ಬ್ರಿಯಾಂಡಾ ದ ಸೋಲಿಸ್ ಎಂಬಾಕೆಯನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳು. ಸಂಸಾರದಲ್ಲಿ ಸುಖವಿರಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ, ಅದರ ಒಳಗೆ ನಾವು ಹೋಗುವುದಿಲ್ಲ. ಅತ್ತ ಲಿಸ್ಬನ್ನಿನಲ್ಲಿ 1547ರಲ್ಲಿ ತಾಯಿಯನ್ನೂ ಅಕ್ಕತಂಗಿಯರನ್ನೂ ಇನ್‌ಕ್ವಿಸಿಷನ್‌ನವರು ಹಿಡಿದರು. ಅವರು ಹೇಗೋ ಬಿಡುಗಡೆ ಹೊಂದಿ 1549ರಲ್ಲಿ ಗೋವೆಗೆ ಬಂದು ಓರ್ತಾನ ಮನೆ ಸೇರಿದರು. ಹೀಗೆ ಚದುರಿದ ಕುಟುಂಬ ಸಮುದ್ರದಾಚೆಯ ಊರಿನಲ್ಲಿ ಒಂದಾಯಿತು.

1550ರ ದಶಕದಲ್ಲಿ ಅವನಿಗೆ ಇನ್ನೊಂದು ಆಸ್ತಿ ಬಂತು, ಮುಂಬಯಿ ದ್ವೀಪ. ಕೇಳಿದರೆ ನಗು ಬರುತ್ತದೆ, ಆದರೆ ನಿಜ. ಇಂದು ಕೋಟ್ಯಂತರ ಜನರ ಊರಾದ ಮುಂಬಯಿಯನ್ನು ಅಂದು ಪೋರ್ಚುಗೀಸ್ ಸರಕಾರ ವರ್ಷದ ಗೇಣಿಗೆ ಓರ್ತಾನಿಗೆ ಕೊಟ್ಟಿತ್ತು. ಅಲ್ಲಿ ಅವನ ಮನೆಯೂ ತೋಟವೂ ಇದ್ದವು. ಆ ಜಾಗದಲ್ಲೇ ಮುಂದೆ ಇಂಗ್ಲಿಷರ ಬಾಂಬೆ ಕ್ಯಾಸಲ್ ಎದ್ದಿತು. ವರ್ಷಕ್ಕೆ ಎರಡು ಸಲ ಫಲ ಕೊಡುವ ಒಂದು ಮಾವಿನ ಮರ ಅಲ್ಲಿತ್ತು. ಅದರ ಬಗ್ಗೆ ಬರೆಯುವಾಗ ವೈದ್ಯ ಮರೆಯಾಗಿ ತೋಟದ ಯಜಮಾನನ ಜಂಬ ಸ್ವಲ್ಪ ಇಣುಕುತ್ತದೆ.

ಗೋವೆಗೆ ಅಚ್ಚಿನ ಯಂತ್ರ ಬಂದದ್ದು 1556ರಲ್ಲಿ. ಏಳು ವರ್ಷದ ಮೇಲೆ, 1563ರ ಏಪ್ರಿಲ್ 10ರಂದು, ಓರ್ತಾನ ಪುಸ್ತಕ ಅದೇ ಊರಿನಲ್ಲಿ ಅಚ್ಚಾಗಿ ಹೊರಬಂತು. ಅಚ್ಚು ಹಾಕಿದವನ ಹೆಸರು ಜೊವಾನ್ನೆಸ್ ದ ಎಂಡೆಂ. ಭಾರತದ ನೆಲದಲ್ಲಿ ಮುದ್ರಣಗೊಂಡ ಮೊಟ್ಟಮೊದಲ ಕೆಲವೇ ಪುಸ್ತಕಗಳಲ್ಲಿ ಇದೂ ಒಂದು. ಭಾರತದ ಮದ್ದುಮೂಲಿಕೆಗಳನ್ನು ಕುರಿತ ಸಂವಾದಗಳು ಎಂದು ಅದರ ಹೆಸರಿನ ಅರ್ಥ. ಅಚ್ಚಿನ ತಪ್ಪುಗಳೋ ತುಂಬ, ಒಪ್ಪೋಲೆಯೇ ಹಲವಾರು ಪುಟ ಹಿಡಿಯಿತು. ನಮ್ಮ ಸಂಘದ ಸ್ಮರಣ ಸಂಚಿಕೆ ತಿದ್ದಿದವರಿಗೆ ಈ ಕಷ್ಟ ಅರ್ಥವಾದೀತು! ಅದರ ಮುಂಭಾಗದಲ್ಲಿ ಒಂದು ಕವಿತೆಯಿದೆ. ಬರೆದವನು ಲೂಯಿಸ್ ದ ಕಮೊಯಿಸ್, ಮುಂದೆ ಪೋರ್ಚುಗೀಸ್ ಭಾಷೆಯ ಮಹಾಕವಿ ಎನಿಸಿಕೊಂಡವನು. ಆಗ ಅವನು ಗೋವೆಯಲ್ಲಿ ಕೈಯಲ್ಲಿ ಕಾಸಿಲ್ಲದೆ ಇದ್ದ ಸಿಪಾಯಿ. ಅವನ ಕವಿತೆಯೊಂದು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು.

ಪುಸ್ತಕವೆಲ್ಲ ಸಂಭಾಷಣೆ. ಮಾತಾಡುವವರು ಇಬ್ಬರು: ಓರ್ತಾ, ಮತ್ತೆ ರುವಾನೊ ಎಂಬ ಕಲ್ಪನೆಯ ಗೆಳೆಯ. ರುವಾನೊ ಸ್ಪೇನಿನಿಂದ ಆಗತಾನೆ ಹಡಗಿಳಿದ ವೈದ್ಯ. ಹಳೆಯ ಗ್ರೀಕ್ ಪುಸ್ತಕಗಳನ್ನು ಅರೆದು ಕುಡಿದವನು, ಗಿಡವನ್ನು ಮಾತ್ರ ನೋಡಿಲ್ಲ. ಓರ್ತಾ ಅವನಿಗೆ ಒಂದೊಂದನ್ನೇ ತೋರಿಸುತ್ತಾ ಹೋಗುತ್ತಾನೆ. ರುವಾನೊ ಕೂಡ ಓರ್ತಾನೇ ಎಂದು ನಮಗನಿಸುತ್ತದೆ, ಸಾಲಮಾಂಕಾದಿಂದ ಬಂದ ಹೊಸದರಲ್ಲಿ ಅವನು ಹಾಗೇ ಇದ್ದಿರಬೇಕು. ಡಿಯೊಸ್ಕೊರಿಡಿಸ್, ಪ್ಲಿನಿ, ಗೇಲನ್ ಇವರ ಮಾತು ಯುರೋಪಿನಲ್ಲಿ ಆಗ ವೇದವಾಕ್ಯ. ತಾನು ಸ್ಪೇನಿನಲ್ಲೇ ಇದ್ದಿದ್ದರೆ ಅವರನ್ನು ತಪ್ಪೆನ್ನುವ ಧೈರ್ಯ ತನಗೂ ಬರುತ್ತಿರಲಿಲ್ಲ ಎಂದು ಓರ್ತಾ ಒಪ್ಪಿಕೊಳ್ಳುತ್ತಾನೆ. ಗೋವೆಯಲ್ಲಿ ನಿಂತು, ಬಳ್ಳಿ ಕಣ್ಣೆದುರಿಗಿರುವಾಗ, ತಪ್ಪನ್ನು ತಪ್ಪೆನ್ನಲು ಅವನು ಹಿಂಜರಿಯಲಿಲ್ಲ. ಅವನೂ ಎಡವಿದ್ದುಂಟು. ಕರಿ ಮೆಣಸು, ಬಿಳಿ ಮೆಣಸು ಬೇರೆಬೇರೆ ಬಳ್ಳಿಯವೆಂದೇ ನಂಬಿದ್ದ. ಒಂದೇ ಬಳ್ಳಿಯ ಕಾಳು, ಸಿಪ್ಪೆ ತೆಗೆದರೆ ಬಿಳಿ ಎಂಬುದನ್ನು ನಮ್ಮ ಶಿರಸಿ ಕಡೆಯ ಯಾವ ತೋಟಿಗನೂ ಹೇಳಿಕೊಡುತ್ತಿದ್ದ.

ಈ ಪುಸ್ತಕದಲ್ಲಿ ನಮಗೆ ಹೆಚ್ಚು ಹತ್ತಿರವಾಗುವುದು ಹೆಸರುಗಳ ಮಾತು. ಪ್ರತಿ ವಸ್ತುವಿಗೂ ಅರಬ್ಬಿಯಲ್ಲಿ ಏನು, ಮಲಬಾರಿನಲ್ಲಿ ಏನು, ಗುಜರಾತಿನಲ್ಲಿ, ದಖ್ಖನಿನಲ್ಲಿ, ಮಲಯದಲ್ಲಿ ಏನು ಎಂದು ಅವನು ಕೇಳಿ ಬರೆದುಕೊಳ್ಳುತ್ತಾನೆ. ವೀಳ್ಯದೆಲೆಗೆ ದಖ್ಖನ್, ಗುಜರಾತ್, ಕನಾರಾ ಕಡೆ ಪಾನ್ ಎನ್ನುತ್ತಾರೆ, ಪೋರ್ಚುಗೀಸರು ಮೊದಲು ಕಂಡ ನೆಲ ಮಲಬಾರ್ ಆದ್ದರಿಂದ ಅಲ್ಲಿನ ಹೆಸರೇ ಅವರ ಬಾಯಲ್ಲಿ ನಿಂತಿತು ಎಂಬುದು ಅವನ ವಿವರಣೆ. ಮಲಯಾಳದ ವೆಟ್ಟಿಲ ಹೀಗೆ ಜಗತ್ತಿನ ಬೀಟಲ್ ಆಯಿತು. ಅಡಿಕೆಯೂ ಹಾಗೇ. ಮಲಯಾಳದ ಅಡಕ್ಕ, ಕನ್ನಡದ ಅಡಿಕೆ ಎರಡೂ ಒಂದೇ ಬೇರಿನವು, ಆ ಬೇರಿನಿಂದಲೇ ಅರೆಕಾ ಬಂತು. ಮಾಂಗಾ ಮ್ಯಾಂಗೋ ಆಯಿತು, ಚಕ್ಕ ಜ್ಯಾಕ್ ಆಯಿತು. ಮಂಜೇಶ್ವರದ ಸಂತೆಯಲ್ಲಿ ನಿಂತು ಒಂದೇ ಹಲಸಿಗೆ ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ, ಕೊಂಕಣಿಯಲ್ಲಿ ಕ್ರಯ ಕೇಳುವ ನಮಗೆ ಇದು ಅಚ್ಚರಿಯ ವಿದ್ಯೆಯಲ್ಲ, ಆದರೆ ಅದನ್ನು 460 ವರ್ಷಗಳ ಹಿಂದೆ ಒಬ್ಬ ಕೂತು ಬರೆದಿಟ್ಟನಲ್ಲ ಎಂಬುದು ಸಂತೋಷದ ಸಂಗತಿ.

ಇಲ್ಲೇ ಒಂದು ಮಾತು ಹೇಳಬೇಕು. ಪೋರ್ಚುಗೀಸ್ ಬರಹಗಳಲ್ಲಿ ಕನಾರಿಂ ಎಂಬ ಪದ ಕಂಡೊಡನೆ ಅದು ಕನ್ನಡವೇ ಎಂದು ನಮ್ಮವರು ಹಿಗ್ಗುವುದುಂಟು. ಪದ ನಮ್ಮ ನಾಡಿನ ಹೆಸರಿನಿಂದಲೇ ಹುಟ್ಟಿದ್ದು, ನಿಜ. ಆದರೆ ಪೋರ್ಚುಗೀಸರು ಗೋವೆಯ ಜನರನ್ನೂ ಅವರ ಕೊಂಕಣಿಯನ್ನೂ ಹಾಗೆಯೇ ಕರೆದರು. ಥಾಮಸ್ ಸ್ಟೀಫನ್ಸ್ ಬರೆದು 1640ರಲ್ಲಿ ರಾಚೋಲದಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಿನಲ್ಲೇ ಈ ಪದವಿದೆ. ಕನ್ನಡದ ಅಭಿಮಾನಕ್ಕೆ ನೆರೆಯವರ ಭಾಷೆಯನ್ನು ನಮ್ಮದೆಂದು ಎಣಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಔಷಧದ ವಿಷಯಕ್ಕೆ ಬಂದರೆ, ಓರ್ತಾನ ಕೀರ್ತಿ ಹೆಚ್ಚು ನಿಂತಿರುವುದು ಕಾಲರಾದ ಮೇಲೆ. ಯುರೋಪಿನ ವೈದ್ಯರಲ್ಲಿ ಭಾರತದ ವಾಂತಿಭೇದಿಯನ್ನು ರೋಗಿಯ ಪಕ್ಕದಲ್ಲಿ ಕೂತು ನೋಡಿ ವಿವರವಾಗಿ ಬರೆದವರಲ್ಲಿ ಅವನು ಮೊದಲಿಗ. ನಾಡಿ ಬಿದ್ದುಹೋಗುವುದು, ಮೈ ತಣ್ಣಗಾಗುವುದು, ಕಣ್ಣು ಗುಳಿಬೀಳುವುದು, ಕಾಲಿನ ಸೆಳೆತ, ತಡೆಯಲಾಗದ ಬಾಯಾರಿಕೆ, ಹತ್ತು ಗಂಟೆಯೊಳಗೇ ಸಾವು, ಎಲ್ಲವನ್ನೂ ಅವನು ಗುರುತಿಸಿದ್ದಾನೆ. ಜೂನ್, ಜುಲೈ ಮಳೆಗಾಲದಲ್ಲಿ ಉಪಟಳ ಹೆಚ್ಚು ಎಂದೂ ಬರೆದಿದ್ದಾನೆ. ಇಲ್ಲಿನ ವೈದ್ಯರು ಮೆಣಸು, ಜೀರಿಗೆ ಹಾಕಿದ ಅಕ್ಕಿಯ ತಿಳಿ ಕುಡಿಸುತ್ತಾರೆ, ಅದಕ್ಕೆ ಕಾಂಜೆ ಎನ್ನುತ್ತಾರೆ ಎಂದು ಹೇಳುತ್ತಾನೆ. ನಮ್ಮ ಗಂಜಿಯೇ ಅದು. ನೀರು, ಉಪ್ಪು, ಪಿಷ್ಟ ದೇಹಕ್ಕೆ ಮರಳಿ ಸೇರಬೇಕು ಎಂಬುದನ್ನು ಆಧುನಿಕ ವೈದ್ಯ ಕಂಡುಕೊಂಡದ್ದು 20ನೇ ಶತಮಾನದಲ್ಲಿ.

ಈ ತಿಳಿವಳಿಕೆ ಎಲ್ಲಿಂದ ಬಂತು? ಇಲ್ಲಿನ ಜನರಿಂದ. ಗೋವೆಯ ಮಲುಪ ಎಂಬ ಹಿಂದೂ ವೈದ್ಯನೊಬ್ಬ ಪುಸ್ತಕದಲ್ಲಿ ಬಂದು ಮಾತಾಡುತ್ತಾನೆ. ಬೇಧಿಗೆ ಬಳಸುವ ಕೊಡಸಿಗದಂಥ ಮದ್ದುಗಳನ್ನು ಓರ್ತಾ ಕಲಿತದ್ದು ನಾಡವೈದ್ಯರಿಂದ. ತನ್ನ ಪದ್ಧತಿಯಲ್ಲಿ ಮೊದಲು ನೋಡುವೆ, ಗುಣವಾಗದಿದ್ದರೆ ಅವರ ಮದ್ದಿಗೆ ಬರುವೆ ಎಂಬ ನಿಲುವು ಅವನದು. ಇನ್ನು ಆಂಟೋನಿಯಾ. ಅವಳು ಅವನ ಮನೆಯ ದಾಸಿ. ಯಾವ ಗಿಡ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವಳು, ಕೇಳಿದ್ದನ್ನು ಹುಡುಕಿ ತಂದು ಮೇಜಿನ ಮೇಲಿಡುತ್ತಿದ್ದವಳು. ಪುಸ್ತಕದ ಹಲವು ಕಡೆ ಅವಳ ಹೆಸರು ಬರುತ್ತದೆ. ಅವಳ ಮೂಲ ಹೆಸರು, ಊರು ಯಾವುದೂ ಅಲ್ಲಿಲ್ಲ. ಮಲುಪನ ಹೆಸರಿನಲ್ಲಿ, ಆಂಟೋನಿಯಾಳ ಹೆಸರಿನಲ್ಲಿ ಎಲ್ಲೂ ತೋಟವಿಲ್ಲ ಎಂಬುದನ್ನು ಗಮನಿಸದೆ ಮುಂದೆ ಹೋಗಲು ನಮಗೆ ಮನಸ್ಸಾಗಲಿಲ್ಲ.

ಗೇರುಹಣ್ಣಿನ ಬಗ್ಗೆ ಏನು ಬರೆದಿದ್ದಾನೆ ಎಂದು ಕಾರವಾರದ ಓದುಗರು ಕೇಳಬಹುದು. ಏನೂ ಇಲ್ಲ. ಬ್ರೆಜಿಲಿನಿಂದ ಪೋರ್ಚುಗೀಸರೇ ತಂದ ಗೇರು ಅವನ ಪುಸ್ತಕದಲ್ಲಿ ಕಾಣುವುದಿಲ್ಲ. ಹದಿನೈದು ವರ್ಷ ಬಿಟ್ಟು, 1578ರಲ್ಲಿ, ಕ್ರಿಸ್ತೊಬಾಲ್ ಅಕೋಸ್ಟಾ ಎಂಬ ಇನ್ನೊಬ್ಬ ವೈದ್ಯ ಬರೆದ ಪುಸ್ತಕದಲ್ಲಿ ಅದು ಬರುತ್ತದೆ. ಗೇರು, ಫೆನ್ನಿ ಇಲ್ಲದ ಗೋವೆಯೂ ಒಂದು ಕಾಲಕ್ಕಿತ್ತು!

ಪುಸ್ತಕ ಯುರೋಪ್ ತಲುಪಿತು. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಪೋರ್ಚುಗಲ್ಲಿಗೆ ಬಂದಾಗ ಅದನ್ನು ಕಂಡು ಲ್ಯಾಟಿನ್ನಿಗೆ ಸಂಗ್ರಹಿಸಿ 1567ರಲ್ಲಿ ಆಂಟ್ವೆರ್ಪಿನಲ್ಲಿ ಅಚ್ಚು ಹಾಕಿಸಿದ. ಯುರೋಪಿನ ವಿದ್ವಾಂಸರು ನೂರಾರು ವರ್ಷ ಓದಿದ್ದು ಆ ಸಂಗ್ರಹವನ್ನೇ. ಸಂಭಾಷಣೆ, ತಮಾಷೆ, ಆಂಟೋನಿಯಾ ಎಲ್ಲ ಅದರಲ್ಲಿ ಬಿಟ್ಟುಹೋದವು.

ಅಷ್ಟರಲ್ಲಿ ಗೋವೆಯ ಗಾಳಿ ಬದಲಾಗಿತ್ತು. 1560ರಲ್ಲಿ ಇನ್‌ಕ್ವಿಸಿಷನ್ ಗೋವೆಗೂ ಬಂತು. ಅದರ ಕೈಗೆ ಸಿಕ್ಕವರಲ್ಲಿ ಇಲ್ಲಿನ ಮತಾಂತರಗೊಂಡ ಹಿಂದೂಗಳೂ ಇದ್ದರು, ಅನೇಕರು ಕೆನರಾ ಕರಾವಳಿಗೆ ವಲಸೆ ಬಂದರು. ನಮ್ಮ ಕೊಂಕಣಿ ಮಾತಾಡುವ ನೆರೆಹೊರೆಯವರ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ. ಓರ್ತಾನಿಗೆ ಮಾತ್ರ ಬದುಕಿರುವಷ್ಟು ದಿನ ಯಾರೂ ಕೈ ಹಚ್ಚಲಿಲ್ಲ. ವೈಸ್‌ರಾಯರ ನಾಡಿ ಹಿಡಿದ ಕೈ ಅದು. 1568ರಲ್ಲಿ ಅವನು ಗೋವೆಯಲ್ಲೇ ತೀರಿಕೊಂಡ.

ಅವನು ಹೋದದ್ದೇ ತಡ, ತಂಗಿ ಕತರೀನಾಳನ್ನು ಹಿಡಿದರು. ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸುತ್ತಿದ್ದಳೆಂಬುದು ಆರೋಪ. 1569ರ ಅಕ್ಟೋಬರ್ 25ರಂದು ಅವಳನ್ನು ಗೋವೆಯಲ್ಲಿ ಜೀವಂತ ಸುಟ್ಟರು. ವಿಚಾರಣೆಯಲ್ಲಿ ಕುಟುಂಬದೊಳಗಿನವರ ಬಾಯಿಂದಲೇ ಹೇಳಿಕೆಗಳು ಹೊರಬಂದವು: ಓರ್ತಾನೂ ಮನಸ್ಸಿನಲ್ಲಿ ಹಳೆಯ ಧರ್ಮದವನೇ ಆಗಿದ್ದ ಎಂದು. ಹಿಂಸೆಯಲ್ಲಿ, ಭಯದಲ್ಲಿ ಬಂದ ಮಾತುಗಳನ್ನು ಎಷ್ಟು ನಂಬಬೇಕು ಎಂಬುದು ಬೇರೆ ಪ್ರಶ್ನೆ. ನ್ಯಾಯಾಲಯ ನಂಬಿತು. ಸತ್ತು ಹನ್ನೆರಡು ವರ್ಷವಾದ ಮೇಲೆ, 1580ರ ಡಿಸೆಂಬರ್ 4ರಂದು, ಓರ್ತಾನ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಸಾರ್ವಜನಿಕವಾಗಿ ಸುಟ್ಟರು.

ಅವನ ಊರೂ ಉಳಿಯಲಿಲ್ಲ. ಕಾಲರಾ, ಮಲೇರಿಯಾ ಮೇಲಿಂದಮೇಲೆ ಬಂದು ಹಳೇ ಗೋವಾ ಬರಿದಾಗುತ್ತಾ ಹೋಯಿತು, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಹೊಸ ರಾಜಧಾನಿಗೆ ರಸ್ತೆ, ಚೌಕ, ತೋಟ ಬೇಕಲ್ಲ? ಇಗರ್ಜಿಯ ಮುಂದಿನ ಈ ತೋಟ 19ನೇ ಶತಮಾನದ ಆ ಕಟ್ಟೋಣದ ಭಾಗ. ಹಿಂದೆ ಯಾವ ಸರಕಾರ ಅವನ ಎಲುಬು ಸುಡಲು ಒಪ್ಪಿತೋ ಅದೇ ಪೋರ್ಚುಗೀಸ್ ಆಡಳಿತದ ಕಾಲದಲ್ಲೇ ತೋಟಕ್ಕೆ ಅವನ ಹೆಸರು ಬಂತು. ಹೆಸರಿಟ್ಟವರಿಗೆ ಎಲುಬಿನ ಕಥೆ ಗೊತ್ತಿರಲಿಲ್ಲ ಅನ್ನಬೇಕು. 1886ರಲ್ಲಿ ಫಿಕಾಲ್ಯೊ ಎಂಬ ಪೋರ್ಚುಗೀಸ್ ವಿದ್ವಾಂಸ ಬರೆದ ಓರ್ತಾನ ದೊಡ್ಡ ಜೀವನಚರಿತ್ರೆಯಲ್ಲೂ ಅದಿಲ್ಲ. 1934ರಲ್ಲಿ ಆಗುಸ್ತೊ ದ ಸಿಲ್ವಾ ಕಾರ್ವಾಲ್ಯೊ ಎಂಬ ವೈದ್ಯ-ಇತಿಹಾಸಕಾರ ಇನ್‌ಕ್ವಿಸಿಷನ್ನಿನ ಕಡತಗಳನ್ನು ಬಗೆದು ಹೊರತಂದ ಮೇಲೆಯೇ ಲೋಕಕ್ಕೆ ತಿಳಿದದ್ದು. 1971ರಲ್ಲಿ ಪೋರ್ಚುಗಲ್ ತನ್ನ 20 ಎಸ್ಕುದೊ ನೋಟಿನ ಮೇಲೆ ಅವನ ಚಿತ್ರ ಹಾಕಿತು. ಲಿಸ್ಬನ್ ಹತ್ತಿರದ ಆಲ್ಮಾದಾದಲ್ಲಿ ಒಂದು ದೊಡ್ಡ ಆಸ್ಪತ್ರೆಗೂ ಈಗ ಅವನದೇ ಹೆಸರು.

ಪುಸ್ತಕವನ್ನು ಓದಬೇಕೆನ್ನುವ ಸದಸ್ಯರಿಗೆ: ಕ್ಲೆಮೆಂಟ್ಸ್ ಮಾರ್ಕಂ ಮಾಡಿದ ಇಂಗ್ಲಿಷ್ ಅನುವಾದ 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು, ಈಗ ಅಂತರಜಾಲದಲ್ಲಿ ಹಣವಿಲ್ಲದೆ ಸಿಗುತ್ತದೆ. ಮೊದಲಿಂದ ಓದಬೇಕೆಂದಿಲ್ಲ. ಮಾವಿನ ಸಂವಾದದಿಂದ ಶುರುಮಾಡಿ, ಆಮೇಲೆ ವೀಳ್ಯದೆಲೆ, ಆಮೇಲೆ ಕಾಲರಾದ ಅಧ್ಯಾಯ. ನಿಮ್ಮ ಊರಿನ ಗಿಡಮೂಲಿಕೆಗಳ ಹೆಸರನ್ನು ಅಲ್ಲಿನ ಹೆಸರಿನೊಡನೆ ತಾಳೆ ನೋಡಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ತುಳು, ಕೊಂಕಣಿ, ಮಲಯಾಳ, ಮರಾಠಿ ಹೆಸರುಗಳೂ ಇರಲಿ.